ಬಲೆ ಕಟ್ಟಿದರೆ ನೊರೆ ನಿಲ್ಲುವುದಿಲ್ಲ

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರದಂತೆ ಬಲೆ ಕಟ್ಟಿದ್ದು ಒಳ್ಳೆಯ ಮೊದಲ ಹೆಜ್ಜೆ ಅಂತ ಬರೆದಿದ್ದೀರಿ. ಒಪ್ಪೋಕೆ ಆಗ್ತಿಲ್ಲ. ಆ ದಾರಿಯಲ್ಲೇ ಸ್ಕೂಟರ್‌ನಲ್ಲಿ ಓಡಾಡಿದವಳು ನಾನು, ಜೋರು ಮಳೆ ಬಂದ ಮಾರನೇ ದಿನ ನೊರೆ ಬಲೆ ದಾಟಿ ಬಂದು ಹೆಲ್ಮೆಟ್ ಗಾಜಿಗೆ ಮೆತ್ತಿಕೊಳ್ಳುತ್ತಿತ್ತು, ಕೈಗೆ ತಾಗಿದರೆ ತುರಿಕೆ. ನೊರೆ ಹುಟ್ಟುವುದು ಶುದ್ಧ ಮಾಡದೆ ಬಿಟ್ಟ ಚರಂಡಿ ನೀರು, ಅದರಲ್ಲಿರುವ ಸೋಪು, ಡಿಟರ್ಜೆಂಟಿನಿಂದ. ಕೆರೆ ಎಷ್ಟು ಕೆಟ್ಟಿತ್ತೆಂದರೆ, 2017ರ ಫೆಬ್ರುವರಿಯಲ್ಲಿ ಅದಕ್ಕೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ. ಹೂಳು ತೆಗೆದರೂ ಅಷ್ಟೇ, ರಾಜಕಾಲುವೆಯಲ್ಲಿ (ಮಳೆನೀರಿನ ದೊಡ್ಡ ಕಾಲುವೆ) ಕೊಳಚೆ ಹರಿದು ಬರುತ್ತಲೇ ಇದ್ದರೆ ಮತ್ತೆ ತುಂಬುತ್ತೆ ಅಲ್ವಾ? ಬಲೆಗೆ ಸುರಿಯುವ ದುಡ್ಡನ್ನು ಮೊದಲು ಕೆರೆಯ ಮೇಲ್ಭಾಗದ ಬಡಾವಣೆಗಳ ಒಳಚರಂಡಿ ಸಂಪರ್ಕಕ್ಕೆ ಹಾಕಲಿ.