ಊದಿ, ಒಳಗೆ ಬನ್ನಿ

ಹುಬ್ಬಳ್ಳಿಯ ತಾರಿಹಾಳ ಕಡೆ ಒಂದು ಕಾರ್ಖಾನೆ. ಅಲ್ಲಿ ಈಗ ಹಾಜರಿ ಹಾಕುವುದು ಹೆಬ್ಬೆರಳಿನಿಂದಲ್ಲ, ಉಸಿರಿನಿಂದ: ಕುಡಿದಿಲ್ಲ ಅಂತ ಮೀಟರಿಗೆ ಊದಿ ತೋರಿಸಬೇಕು. ಗೇಟಿನ ಸೆಕ್ಯುರಿಟಿಯವನ ಬಾಯಿ ತುಂಬ ಗುಟ್ಕಾ. ಹಾಗಾಗಿ ಮಾತಿಲ್ಲ, ಹುಬ್ಬು ಕುಣಿಸಿದರೆ 'ಊದ್ರಿ' ಅಂತ ಅರ್ಥ. ಗುಟ್ಕಾ ಮೀಟರಿಗೆ ಕಾಣುವುದಿಲ್ಲವಲ್ಲ, ಅದು ನಶೆಯಲ್ಲ ಬಿಡಿ.

ಊದುವ ಮುಂಚೆ ಕೈಗೆ ಸ್ಯಾನಿಟೈಸರ್ ಹಚ್ಚಲೇಬೇಕು. ಕೊರೊನಾ ಕಾಲದ ಆದೇಶ, ಯಾರೂ ವಾಪಸ್ ತಗೊಂಡಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಕೋಹಾಲೇ. ಒದ್ದೆ ಕೈಯಲ್ಲಿ ನಳಿಕೆ ಹಿಡಿದರೆ ಆವಿಗೇ ಮೀಟರ್ ಚೀರಬಹುದು. ಮುಂಜಾನೆ ಚಹಾ ಬಿಟ್ಟು ಬೇರೇನೂ ಕುಡಿಯದ ಪೇಂಟರ್ ಕಾಕಾ ಹೀಗೇ ಸಿಕ್ಕಿಬಿದ್ದರು. ಕಾಲು ತಾಸು ಬಿಟ್ಟು ಮತ್ತೊಮ್ಮೆ ಊದಿಸಿದ್ದರೆ ಗೊತ್ತಾಗುತ್ತಿತ್ತು. ಅಷ್ಟು ಪುರಸೊತ್ತು ಯಾರಿಗಿದೆ? ಅರ್ಧ ದಿನದ ಪಗಾರ ಕಟ್.

ಉಸಿರಾಯ್ತು, ಈಗ ಮೂತ್ರದ ಸರದಿ. ಗಸಗಸೆ ತಿಂದವರೂ ಅಫೀಮಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ ಅಂತ ಅಮೆರಿಕದವರು 1998ರಲ್ಲಿ ಮಿತಿಯನ್ನು ಒಂದು ಮಿ.ಲೀ. ಮೂತ್ರಕ್ಕೆ 300 ನ್ಯಾನೋಗ್ರಾಮ್‌ನಿಂದ 2,000ಕ್ಕೆ ಏರಿಸಿದರು. ನಮ್ಮ ಎಚ್.ಆರ್.ನವರದು ಇನ್ನೂ ಸುಲಭದ ದಾರಿ: ಸೀಮಂತಕ್ಕೆ ಹೋದವರು ಎಷ್ಟು ಬಟ್ಟಲು ಗಸಗಸೆ ಪಾಯಸ ಕುಡಿದರೆಂದು ಬರೆದುಕೊಡಬೇಕು. ಬೀಗರ ಸಹಿ ಕಡ್ಡಾಯ.

ಸಾಹೇಬರ ಕಾರು ಬಂದರೆ ಗೇಟು ತಾನೇ ತೆರೆಯುತ್ತದೆ, ಗಾಜು ಇಳಿಯುವುದಿಲ್ಲ. ಹಿಂದಿನ ರಾತ್ರಿ ಎರಡರವರೆಗೆ 'ಡೀಲರ್ ಮೀಟಿಂಗ್' ಇತ್ತು. ರಸ್ತೆಯಲ್ಲಾದರೆ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ದಾಟಿದರೆ ಕೇಸು. ಕ್ಯಾಬಿನ್ನಿಗೆ ಅಂಥ ಮಿತಿ ಇಲ್ಲ, ಅಲ್ಲಿ ಓಡುವುದು ಬರೀ ಪೆನ್ನು. (ಸರ್ಕಾರ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. ಯಾರಾದರೂ ಕುಡಿಯಲೇಬೇಕಲ್ವಾ?)

ಇನ್ನು ಲೇತ್ ಯಂತ್ರದ ಮುಂದೆ ನಿಂತಿರುವ ಹುಡುಗ. ದಿನಕ್ಕೆ 12 ತಾಸಿನವರೆಗೂ ದುಡಿಸಲು ರಾಜ್ಯದ ಕಾನೂನು 2023ರಲ್ಲೇ ದಾರಿ ಮಾಡಿಕೊಟ್ಟಿತ್ತು. ವಾರಕ್ಕೆ 48 ತಾಸು ಮೀರಬಾರದು ಎಂಬ ಷರತ್ತನ್ನು ಮಾತ್ರ ಇಲ್ಲಿ ಯಾರೂ ಪೂರ್ತಿ ಓದಿದಂತಿಲ್ಲ. ಡಬಲ್ ಶಿಫ್ಟ್ ಮುಗಿಸಿ, ಎರಡು ತಾಸು ಮಲಗಿ, ಮತ್ತೆ ಬಂದು ಊದಿದ. ಮೀಟರ್ ಸೊನ್ನೆ ತೋರಿಸಿತು. 'ಶಭಾಷ್' ಅಂದರು. ಹತ್ತೂವರೆಗೆ ನಿಂತಲ್ಲೇ ತೂಕಡಿಸಿ ಬೆರಳು ಕತ್ತರಿಸಿಕೊಂಡ. ಮಧ್ಯಾಹ್ನದೊಳಗೆ ವರದಿ ಸಿದ್ಧ. ಮದ್ಯಪಾನ: ಇಲ್ಲ. ಮಾದಕ ವಸ್ತು: ಇಲ್ಲ. ಕಾರಣ: ಕಾರ್ಮಿಕನ ಅಜಾಗರೂಕತೆ.