ವಿವಿ ಹೆಸರು ಆಮೇಲೆ, ಮೊದಲು ವಿಭಾಗ ಯಾವುದು ಹೇಳಿ

ಡಿಗ್ರಿ ರಿಸಲ್ಟ್ ಬರುವ ಹೊತ್ತಿಗೆ ನನ್ನ ಇನ್‌ಬಾಕ್ಸ್‌ಗೆ ಪ್ರತಿ ವರ್ಷ ಒಂದೇ ಪ್ರಶ್ನೆ. "ಸರ್, ಎಂಎಸ್ಸಿಗೆ ಮೈಸೂರು ಒಳ್ಳೇದಾ, ಬೆಂಗಳೂರಾ?" ಉತ್ತರ ಕರ್ನಾಟಕದ ಕಡೆಯ ಹುಡುಗರಾದರೆ "ಧಾರವಾಡನಾ, ಬೆಳಗಾವಿನಾ, ಕಲಬುರಗಿನಾ?" ನಾನು ತಿರುಗಿ ಕೇಳುವುದೂ ಒಂದೇ: ಯಾವ ವಿಷಯ, ಆ ವಿಭಾಗದಲ್ಲಿ ಈಗ ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ? ಬಹಳಷ್ಟು ಸಲ ಅಲ್ಲಿಗೆ ಮಾತು ನಿಂತುಹೋಗುತ್ತದೆ. ಯಾಕೆಂದರೆ ಅದನ್ನು ಯಾರೂ ವಿಚಾರಿಸಿರುವುದಿಲ್ಲ. ಹೆಸರು ಕೇಳಿರುತ್ತಾರೆ, ಅಷ್ಟೇ.

ಹೆಸರು ಸುಮ್ನೆ ಬಂದಿಲ್ಲ, ಒಪ್ಪುತ್ತೇನೆ. ಮೈಸೂರು ವಿವಿ 1916ರದ್ದು. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯ ದಿವಾನರು. ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ಮೊದಲ ವಿಶ್ವವಿದ್ಯಾಲಯ. ರಾಧಾಕೃಷ್ಣನ್ ಇಲ್ಲಿ ಪಾಠ ಮಾಡಿದ್ದರು, ಕುವೆಂಪು ಕುಲಪತಿಯಾಗಿದ್ದರು. ಆದರೆ ಈ ಕೀರ್ತಿಯ ಲೆಕ್ಕ ಸ್ವಲ್ಪ ಬಿಡಿಸಿ ನೋಡಿ, ಮಜಾ ಇದೆ. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಗುರುತಿಸಿದ್ದು 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆಗ ವಿವಿ ಇನ್ನೂ ಹುಟ್ಟಿಯೇ ಇರಲಿಲ್ಲ! ಲೈಬ್ರರಿ ಆಮೇಲೆ ವಿವಿಗೆ ಸೇರಿತು, ಕೀರ್ತಿಯೂ ಜೊತೆಗೇ ಬಂತು. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರದ್ದು. ಸಿ.ವಿ. ರಾಮನ್ ತಮ್ಮ ಹೊಸ ಶೋಧದ ಬಗ್ಗೆ 1928ರ ಮಾರ್ಚ್‌ನಲ್ಲಿ ಉಪನ್ಯಾಸ ಕೊಟ್ಟಿದ್ದು ಅಲ್ಲೇ. ಆಗ ಆ ಕಾಲೇಜು ಮೈಸೂರು ವಿವಿಯದ್ದು. 1964ರಲ್ಲಿ ಬೆಂಗಳೂರು ವಿವಿ ಆದಾಗ ಅದರ ಕೈಗೆ ಬಂತು. 2017ರಲ್ಲಿ ಬೆಂಗಳೂರು ವಿವಿಯನ್ನೇ ಮೂರು ಮಾಡಿದರಲ್ಲ, ಆಗ ಇನ್ನೊಂದರ ಪಾಲಾಯಿತು. ಈಗ ರಾಮನ್ ಹೆಸರು ಯಾವ ವಿವಿಯ ಬ್ರೋಷರ್‌ನಲ್ಲಿ ಹಾಕಬೇಕು, ಹೇಳಿ?

ಇರಲಿ. ಇವತ್ತು ಎಂಎಸ್ಸಿಗೆ ಸೇರುವ ಹುಡುಗಿಗೆ 1928 ಬೇಡ. ಅವಳಿಗೆ ಬೇಕಾಗಿರುವುದು ಸೋಮವಾರ ಬೆಳಗ್ಗೆ ಕ್ಲಾಸಿಗೆ ಯಾರು ಬರುತ್ತಾರೆ ಎನ್ನುವುದು.

ನಮ್ಮ ಹಳೆಯ ವಿವಿಗಳ ಯಾವುದಾದರೂ ಒಂದು ವಿಭಾಗದ ಕಾರಿಡಾರಿನಲ್ಲಿ ಒಮ್ಮೆ ನಡೆದು ಬನ್ನಿ. ಸಾಲಾಗಿ ಪ್ರೊಫೆಸರುಗಳ ಕೋಣೆ. ಕೆಲವು ಬಾಗಿಲಿಗೆ ಬೀಗ, ಬೀಗದ ಮೇಲೆ ಧೂಳು. ನಿವೃತ್ತರಾದವರ ನೇಮ್ ಪ್ಲೇಟ್ ಹಾಗೇ ಇರುತ್ತದೆ, ತೆಗೆಯೋಕೂ ಯಾರಿಗೂ ಪುರುಸೊತ್ತಿಲ್ಲ. ಕೊನೆಯ ಒಂದು ಕೋಣೆಯಲ್ಲಿ ಮಾತ್ರ ಗಿಜಿಗಿಜಿ. ಒಂದೇ ಉದ್ದ ಟೇಬಲ್, ಸುತ್ತ ಪ್ಲಾಸ್ಟಿಕ್ ಕುರ್ಚಿ, ಅಲ್ಲಿ ಅತಿಥಿ ಉಪನ್ಯಾಸಕರು. ಅರ್ಧಕ್ಕಿಂತ ಜಾಸ್ತಿ ಪಾಠ ಅವರೇ ಮಾಡುವ ವಿಭಾಗಗಳಿವೆ. ಪಿಎಚ್‌ಡಿ ಆದವರು, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಪಾಸಾದವರು. ಅವರ ಪಾಠದ ಬಗ್ಗೆ ನನಗೆ ತಕರಾರಿಲ್ಲ. ಎಷ್ಟೋ ಕಡೆ ಕಾಯಂ ಇರುವವರಿಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಪಿಎಚ್‌ಡಿಗೆ ಗೈಡ್ ಆಗುವ ಹಾಗಿಲ್ಲ. ದೊಡ್ಡ ಪ್ರಾಜೆಕ್ಟಿಗೆ ಅರ್ಜಿ ಹಾಕಿ ಲ್ಯಾಬ್ ಕಟ್ಟೋಣ ಎಂದರೆ ಯಾವ ಧೈರ್ಯದ ಮೇಲೆ ಕಟ್ಟುತ್ತಾರೆ?

ಕಾಯಂ ಹುದ್ದೆ ಯಾಕೆ ತುಂಬುವುದಿಲ್ಲ ಎಂದರೆ ದುಡ್ಡು. ಈ ಕಥೆ ಕೂಡುಕುಟುಂಬ ಪಾಲಾದ ಹಾಗಿದೆ. ಹೊಲವೆಲ್ಲ ತಮ್ಮಂದಿರಿಗೆ, ಸಾಲ ಮಾತ್ರ ಅಣ್ಣನಿಗೆ. ವಿವಿಗೆ ಸ್ವಂತ ಆದಾಯ ಬರುವುದು ಹೆಚ್ಚಾಗಿ ಕಾಲೇಜುಗಳಿಂದ: ಸಂಯೋಜನೆ (ಅಫಿಲಿಯೇಷನ್) ಶುಲ್ಕ, ಪರೀಕ್ಷೆ ಶುಲ್ಕ. ಮೈಸೂರಿನಿಂದ ಹಾಸನ, ಮಂಡ್ಯ, ಚಾಮರಾಜನಗರ ಬೇರೆಯಾದವು. ಕಾಲೇಜುಗಳು ಹೋದವು, ಶುಲ್ಕವೂ ಹೋಯಿತು. ಧಾರವಾಡದ ಕರ್ನಾಟಕ ವಿವಿಯಿಂದ 2010ರಲ್ಲಿ ಬೆಳಗಾವಿ ಭಾಗ ರಾಣಿ ಚನ್ನಮ್ಮ ವಿವಿಗೆ ಹೋಯಿತು, ಆಮೇಲೆ ಹಾವೇರಿಯೂ ಹೋಯಿತು. ಮಂಗಳೂರಿನಿಂದ ಕೊಡಗು. ಆದರೆ ದಶಕಗಟ್ಟಲೆ ದುಡಿದು ನಿವೃತ್ತರಾದವರ ಪಿಂಚಣಿ ಹಳೆಯ ವಿವಿಯ ತಲೆ ಮೇಲೇ ಉಳಿಯಿತು. ಅದಕ್ಕೆ ಸರ್ಕಾರದಿಂದ ಪೂರ್ತಿ ದುಡ್ಡು ಬರುವುದಿಲ್ಲ, ಉಳಿದದ್ದನ್ನು ವಿವಿಯೇ ಹೊಂದಿಸಬೇಕು. ಪಿಂಚಣಿ ತಡವಾಯಿತು ಅಂತ ನಿವೃತ್ತ ಮೇಷ್ಟ್ರುಗಳು ಮೈಸೂರು ವಿವಿಯ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್ ಮುಂದೆ ನಿಲ್ಲುವ ಪರಿಸ್ಥಿತಿ. ಇಷ್ಟಾದ ಮೇಲೆ ಲ್ಯಾಬಿಗೆ ಎಲ್ಲಿಂದ ತರುವುದು?

ಪಾಲು ತೆಗೆದುಕೊಂಡು ಹೋದ ತಮ್ಮಂದಿರಾದರೂ ಸುಖವಾಗಿದ್ದಾರಾ ಎಂದರೆ ಅದೂ ಇಲ್ಲ. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರ, ಹಾವೇರಿಯ ಕೆರಿಮತ್ತಿಹಳ್ಳಿ ಎಲ್ಲವೂ ಮೊದಲು ಸ್ನಾತಕೋತ್ತರ ಕೇಂದ್ರಗಳು. ಬೋರ್ಡು ಬದಲಾಯಿತು, ಕುಲಪತಿ ಬಂದರು. ಅದಕ್ಕೆ ತಕ್ಕ ಅನುದಾನ, ಹುದ್ದೆ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹತ್ತು ಹೊಸ ವಿವಿಗಳಲ್ಲಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚುವ ಮಾತಾಡಿತು. ಊರೂರಲ್ಲಿ ಪ್ರತಿಭಟನೆ. ನನ್ನ ಪ್ರಕಾರ ಮುಚ್ಚುವುದೂ ತಪ್ಪು, ಹೀಗೆ ಬರಿಗೈಯಲ್ಲಿ ತೆರೆದದ್ದೂ ತಪ್ಪು. ಸೋಮವಾರಪೇಟೆಯ ಹುಡುಗಿಗೆ ಮನೆಗೆ ಹತ್ತಿರ ಎಂಎ ಸಿಗುವುದು ಸಣ್ಣ ವಿಷಯ ಅಲ್ಲ. ಅದಕ್ಕೆ ಸ್ನಾತಕೋತ್ತರ ಕೇಂದ್ರವನ್ನೇ ಗಟ್ಟಿ ಮಾಡಬಹುದಿತ್ತು. ಕುಲಪತಿ, ಇಬ್ಬರು ಕುಲಸಚಿವರು, ಸಿಂಡಿಕೇಟ್, ಘಟಿಕೋತ್ಸವದ ಪೆಂಡಾಲ್ ಎಲ್ಲಾ ಯಾಕೆ ಬೇಕಿತ್ತು?

"ಹಾಗಾದರೆ ರ‍್ಯಾಂಕಿಂಗ್ ನೋಡಬಹುದಲ್ವಾ?" ಅಂತೀರಿ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಎನ್‌ಐಆರ್‌ಎಫ್ ಹೇಗೆ ಅಂಕ ಕೊಡುತ್ತದೆ ಎನ್ನುವುದನ್ನೂ ನೋಡಿ. ಬೋಧನೆ ಮತ್ತು ಸೌಲಭ್ಯಕ್ಕೆ ನೂರಕ್ಕೆ 30, ಸಂಶೋಧನೆಗೆ 30, ಪದವಿ ಮುಗಿಸಿದವರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಕೊನೆಯ 10 ಜನರ ಅಭಿಪ್ರಾಯಕ್ಕೆ. ಅಂದರೆ ಹೆಸರಿಗೂ ಮಾರ್ಕ್ಸ್ ಇದೆ! ಅಂಕಿಅಂಶ ಬಹಳಷ್ಟು ಆಯಾ ವಿವಿಗಳೇ ತುಂಬಿ ಕಳಿಸುವುದು. ಕೆಲವು ಖಾಸಗಿ ವಿವಿಗಳಲ್ಲಿ ಈ ಕೆಲಸಕ್ಕೆಂದೇ ಒಂದು ಆಫೀಸು ಇರುತ್ತದೆ. ನಮ್ಮಲ್ಲಿ ಆಗಲೇ ಪರೀಕ್ಷೆ ಕೆಲಸ, ಹಾಸ್ಟೆಲ್ ವಾರ್ಡನ್ ಕೆಲಸ ಎರಡೂ ಹೊತ್ತಿರುವ ಮೇಷ್ಟ್ರ ಕೈಗೇ ಇದನ್ನೂ ಕೊಡುತ್ತಾರೆ. 2024ರಿಂದ ರಾಜ್ಯ ಸರ್ಕಾರಿ ವಿವಿಗಳಿಗೆ ಬೇರೆಯೇ ಪಟ್ಟಿ ಬಂದಿದೆ, ಅದು ಒಳ್ಳೆಯದಾಯಿತು. ಅದರಲ್ಲಿ 2024, 2025 ಎರಡೂ ವರ್ಷ ಮೊದಲೆರಡು ಸ್ಥಾನ ಚೆನ್ನೈನ ಅಣ್ಣಾ ವಿವಿಗೆ ಮತ್ತು ಕೋಲ್ಕತ್ತದ ಜಾದವ್‌ಪುರ ವಿವಿಗೆ. ಎರಡೂ ಸರ್ಕಾರಿ, ಫೀಸೂ ಕಡಿಮೆ. ಸರ್ಕಾರಿ ಅಂದರೆ ಇಷ್ಟೇ ಎನ್ನುವವರು ಅದನ್ನು ಒಮ್ಮೆ ನೋಡಲಿ. ಜಾದವ್‌ಪುರಕ್ಕೆ ನಮ್ಮ ವಿವಿಗಳ ಹಾಗೆ ನೂರಾರು ಕಾಲೇಜುಗಳ ಪರೀಕ್ಷೆ ನಡೆಸುವ ತಲೆನೋವಿಲ್ಲ, ಅದೂ ನಿಜ.

ಕಾಲೇಜು, ವಿವಿಗಳ ಗುಣಮಟ್ಟ ಅಳೆದು ಕೊಡುವ ನ್ಯಾಕ್ ಗ್ರೇಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಪರಿಶೀಲನಾ ತಂಡ (ಪೀರ್ ಟೀಮ್) ಬರುವ ಮುಂಚಿನ ವಾರ ಕ್ಯಾಂಪಸ್ಸಿನಲ್ಲಿ ಇದ್ದವರಿಗೆ ಗೊತ್ತು. ಹಸಿ ಪೇಂಟ್ ವಾಸನೆ, ರಾತ್ರೋರಾತ್ರಿ ಬಂದ ಹೂಕುಂಡ, ವರ್ಷಗಟ್ಟಲೆ ನೀರು ಬರದ ನಲ್ಲಿಯಲ್ಲಿ ನೀರು. ಆದರೂ ಗ್ರೇಡ್ ಕೆಲಸಕ್ಕೆ ಬರುತ್ತದೆ. ಅಮೆರಿಕಕ್ಕೆ ಓದಲು ಹೋಗುವವರ ಡಿಗ್ರಿಯನ್ನು ತೂಗಿ ನೋಡುವ ಕೆಲವು ಸಂಸ್ಥೆಗಳು ನಮ್ಮ ಮೂರು ವರ್ಷದ ಡಿಗ್ರಿಗೆ ನ್ಯಾಕ್ ಗ್ರೇಡ್ ಕೇಳುತ್ತವೆ.

ನಾನಂತೂ ಇವೆಲ್ಲಕ್ಕಿಂತ ಮೊದಲು ನೋಡುವುದು ಮಾರ್ಕ್ಸ್ ಕಾರ್ಡ್ ಯಾವಾಗ ಕೈಗೆ ಬರುತ್ತದೆ ಅಂತ. ನಾನು ಓದಿದ ವಿವಿಯ ಹೆಸರು ಬೇಡ ಬಿಡಿ. ಅಪ್ಪನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ತಿದ್ದಿಸಲು ಮೂರನೇ ಕೌಂಟರಿಗೆ ಹೋದರೆ ಏಳಕ್ಕೆ ಕಳಿಸಿದರು, ಏಳರವರು "ಕೇಸ್ ವರ್ಕರ್ ರಜಾ" ಅಂದರು. ಅಷ್ಟರಲ್ಲಿ ನಾನು ಅರ್ಜಿ ಹಾಕಬೇಕಿದ್ದ ಕೆಲಸದ ಕೊನೆಯ ದಿನಾಂಕ ಮುಗಿದಿತ್ತು. ಈಗ ಎಲ್ಲಾ ರಾಜ್ಯದ ವಿವಿಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿದೆ ಅನ್ನುತ್ತಾರೆ. ಮೊನ್ನೆ ಅಕ್ಕನ ಮಗ ಮೊಬೈಲ್ ತೋರಿಸಿದ, ಬರೆದ ಪೇಪರಿಗೆ ಆಬ್ಸೆಂಟ್ ಅಂತ ಬಂದಿದೆ. "ಮಾಮ, ಹಾಲ್ ಟಿಕೆಟ್ ಮೇಲೆ ಇನ್ವಿಜಿಲೇಟರ್ ಸೈನ್ ಇದೆ ನೋಡು" ಅಂತಾನೆ. ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಹಾಗಾಗಿ ಒಂದು ಕೋರಿಕೆ. ಮಾನಸಗಂಗೋತ್ರಿ, ಜ್ಞಾನಭಾರತಿ, ಕೊಣಾಜೆ, ಶಂಕರಘಟ್ಟ, ಧಾರವಾಡ, ಕಲಬುರಗಿ, ಎಲ್ಲೇ ಓದುತ್ತಿರಿ, ಕೆಳಗೆ ಬರೆಯಿರಿ. ವಿಭಾಗ ಯಾವುದು, ಕಾಯಂ ಎಷ್ಟು ಜನ, ಅತಿಥಿ ಎಷ್ಟು ಜನ, ಕಳೆದ ಸೆಮಿಸ್ಟರ್ ರಿಸಲ್ಟ್ ಎಷ್ಟು ತಿಂಗಳಿಗೆ ಬಂತು. ಯಾರ ಹೆಸರೂ ಬೇಡ, ಬೈಗುಳವೂ ಬೇಡ. ಎಲ್ಲಾ ಸೇರಿಸಿ ಒಂದು ಶೀಟ್ ಮಾಡಿ ಅಡ್ಮಿಷನ್ ಶುರುವಾಗುವ ಮೊದಲು ಇಲ್ಲೇ ಹಾಕುತ್ತೇನೆ.