ಒಣಗಿದ್ಯಾ ಅಂತ ಮುಟ್ಟಿ ನೋಡೋ ಚಟ

ಇವತ್ತು ಬೆಳಗ್ಗೆ ಎದ್ದು ಹಲ್ಲು ಕೂಡ ಉಜ್ಜದೆ ಗರಾಜಿಗೆ ಓಡಿದ್ರೆ, ನಾನೇ ಕಟ್ತಿರೋ ಕಯಾಕ್ ಅನ್ನೋ ಸಣ್ಣ ದೋಣಿಯ ಡೆಕ್ ಮೇಲೆ, ಅಂದ್ರೆ ಮೇಲ್ಹೊದಿಕೆ ಮೇಲೆ, ನಟ್ಟನಡುವೆ ಒಂದು ಹೆಬ್ಬೆಟ್ಟು. ನಾಲ್ಕನೇದು!

ಹೋದ ಸೆಪ್ಟೆಂಬರಲ್ಲಿ ಪೋರ್ಟ್ ಟೌನ್ಸೆಂಡ್‌ಗೆ ಮರದ ದೋಣಿಗಳ ಹಬ್ಬ ನೋಡೋಕೆ ಹೋಗಿದ್ದೇ ತಪ್ಪಾಯ್ತು. 1977ರಿಂದ ನಡೀತಿರೋ ಹಬ್ಬ ಅದು, ಅಲ್ಲಿ ಕನ್ನಡಿ ಥರ ಹೊಳೀತಿದ್ದ ದೋಣಿಗಳನ್ನ ನೋಡಿ ತಲೆ ಕೆಟ್ಟು ಸಿಯಾಟಲ್‌ಗೆ ವಾಪಸ್ ಬಂದವನೇ 17 ಅಡಿ ಕಯಾಕಿನ ಕಿಟ್ ತರಿಸಿಬಿಟ್ಟೆ. 4 ಮಿಲಿಮೀಟರ್ ಪ್ಲೈವುಡ್ಡನ್ನ ತಾಮ್ರದ ತಂತೀಲಿ ಮುತ್ತುಗದೆಲೆ ಹಚ್ಚಿದ ಹಾಗೆ ಹೊಲಿಯೋವರೆಗೂ ಮಜವಾಗೇ ಇತ್ತು. ಮರದ ಮೇಲೆ ಹಚ್ಚಿದ್ರೆ ಗಟ್ಟಿಯಾಗಿ ಕೂರೋ ಎಪಾಕ್ಸಿ ಅಂಟಿನ ಡಬ್ಬಿ ಮುಚ್ಚಳ ತೆಗೆದೆ ನೋಡಿ, ಗ್ರಹಚಾರ ಶುರು.

ನನ್ನ ಡಬ್ಬಿ ಲೆಕ್ಕ ಎರಡು ಪಾಲು ರೆಸಿನ್ ಅನ್ನೋ ಅಂಟಿಗೆ ಅದನ್ನ ಗಟ್ಟಿ ಮಾಡೋ ಹಾರ್ಡನರ್ ಒಂದು ಪಾಲು. ಸಾರಿಗೆ ಉಪ್ಪು ಹಾಕೋ ಹಾಗೆ ಕಣ್ಣಂದಾಜು ನಡೆಯಲ್ಲ, ಬೇಗ ಒಣಗ್ಲಿ ಅಂತ ಹಾರ್ಡನರ್ ಜಾಸ್ತಿ ಸುರಿದ್ರೆ ಸರಿಯಾಗಿ ಗಟ್ಟಿನೇ ಆಗದೆ ಅಂಟಂಟಾಗಿ ಉಳಿಯುತ್ತೆ. ಕಲಸಿ ಕಪ್ಪಲ್ಲೇ ಬಿಟ್ಟು ಫೋನ್ ಎತ್ಕೊಂಡ್ರೆ ತನ್ನ ಬಿಸಿಗೆ ತಾನೇ ಕಾದು ಹೊಗೆ ಬಿಡುತ್ತೆ, ಅಗಲ ಟ್ರೇಗೆ ಸುರ್ಕೋಬೇಕು ಅನ್ನೋ ಬುದ್ಧಿ ಬರೋ ಹೊತ್ತಿಗೆ ಎರಡು ಕಪ್ ಸೊಟ್ಟಗಾಗಿತ್ತು. ಬೆಳಗ್ಗೆ ಹಚ್ಚಿದ್ರೆ ಬಿಸಿಲೇರಿದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಸೆಟ್ ದೋಸೆ ಥರ ತೂತು ತೂತು. ಸಂಜೆ ಹಚ್ಚಿದ್ರೆ ಲೈಟಿಗೆ ಬರೋ ಹುಳ.

ಹುಳಾನ ಚಿಮಟದಲ್ಲಿ ತೆಗೀಬಹುದು. ಅಪ್ಪನ್ನ?

ಅಪ್ಪ ತೀರ್ಥಹಳ್ಳಿಯಿಂದ ಬಂದು ಎರಡು ತಿಂಗಳಾಯ್ತು. ಒಣಗೋಕೆ ಇಟ್ಟಿದ್ದನ್ನ ಸುಮ್ನೆ ನೋಡ್ಕೊಂಡು ಹೋಗೋ ಜಾಯಮಾನ ಅವ್ರದ್ದಲ್ಲ. ಅಂಗಳದ ಅಡಿಕೆ, ಹಪ್ಪಳ, ರೆಡ್ ಆಕ್ಸೈಡ್ ನೆಲ, ಗೇಟಿನ ಪೇಂಟು, ಎಲ್ಲಕ್ಕೂ ಹೆಬ್ಬೆಟ್ಟು ಒತ್ತಿ "ಇನ್ನೂ ಹಸಿ" ಅಂತ ತೀರ್ಪು ಕೊಟ್ರೇನೇ ಸಮಾಧಾನ. ಮೊದಲ ಸಲ "ಅಪ್ಪಾ, ನಾಳೆವರೆಗೂ ಮುಟ್ಟಬೇಡಿ" ಅಂದೆ. "ನಾನ್ಯಾಕೆ ಮುಟ್ಲಿ" ಅಂತ ಹೇಳ್ತಾ ಹೇಳ್ತಾನೇ ಮುಟ್ಟಿದ್ರು. ಎರಡನೇ ಸಲ ಮಾರ್ಕರಲ್ಲಿ ದಪ್ಪಕ್ಕೆ 'ಮುಟ್ಟಬಾರದು' ಅಂತ ಬರೆದಿಟ್ಟೆ. ಆ ಅಕ್ಷರ ಒಣಗಿದ್ಯಾ ಅಂತ ಮುಟ್ಟಿ ನೋಡಿ, ಅದೇ ಕಪ್ಪು ಹೆಬ್ಬೆಟ್ಟನ್ನ ತಂದು ಡೆಕ್ ಮೇಲೂ ಒತ್ತಿದ್ರು! ಮೂರನೇ ಸಲ ಅಲರ್ಜಿ ಆಗುತ್ತೆ ಅಂತ ಹೆದರಿಸಿದೆ, ನಾನೇ ಗ್ಲೌಸ್ ಇಲ್ದೆ ಹತ್ರ ಹೋಗಲ್ಲ ಅಂದೆ. "ಅಡಿಕೆ ಚೊಗರಿನ ಮುಂದೆ ಇದ್ಯಾವ ಲೆಕ್ಕ" ಅಂದ್ರು. ಅವ್ರ ಬೆರಳಿಗೆ ಸೋಪು ಹಾಕಿ ತಿಕ್ಕಿದ್ದು ನಾನು, ಬೈಸ್ಕೊಂಡಿದ್ದೂ ನಾನು.

ಪ್ರತಿ ಹೆಬ್ಬೆಟ್ಟಿಗೂ ನಂಗೆ ಒಂದು ದಿನ ಖರ್ಚು. ಪೂರ್ತಿ ಗಟ್ಟಿಯಾಗೋವರೆಗೂ ಕಾಯ್ಬೇಕು, ಮೇಲೆ ಕೂತ ಮೇಣದಂಥ ಜಿಡ್ಡು ತೊಳೀಬೇಕು, ಮಾಸ್ಕ್ ಹಾಕ್ಕೊಂಡು ಮೊದಲು ಒರಟಾದ 80ರ ಸ್ಯಾಂಡ್‌ಪೇಪರ್, ಆಮೇಲೆ ಅದಕ್ಕಿಂತ ನಯವಾದ 120ರದ್ದು.

ಇವತ್ತು ಮಧ್ಯಾಹ್ನ ಉಜ್ಜೋಕೆ ಮುಂಚೆ ಟಾರ್ಚ್ ಬಿಟ್ಟು ನೋಡ್ದೆ. ಊರಲ್ಲಿ ಅಪ್ಪನ ಹೆಬ್ಬೆಟ್ಟನ್ನ ಯಾವ ಮಷಿನ್ನೂ ತಗೊಳ್ಳಲ್ಲ, ಅಡಿಕೆ ಸುಲಿದೂ ಸುಲಿದೂ ಗೆರೆ ಸವೆದಿದೆ, ಪಂಚೆಗೆ ಒರೆಸ್ಕೊಂಡು ಒರೆಸ್ಕೊಂಡು ಒತ್ತುತ್ತಾನೇ ಇರ್ತಾರೆ, ಹಿಂದಿನ ಕ್ಯೂನವ್ರು ಗೊಣಗ್ತಾರೆ. ಇಲ್ಲಿ ವಿಮಾನ ಇಳಿದಾಗಲೂ ನಾಲ್ಕು ಸಲ ಒತ್ತಿಸಿದ್ರಂತೆ. ಡೆಕ್ ಮೇಲೂ ಹಾಗೇ, ನಡುವೆ ನುಣ್ಣಗೆ, ಅಂಚಲ್ಲಿ ಮಾತ್ರ ನಾಲ್ಕೈದು ಗೆರೆ. ಸ್ವಲ್ಪ ಹೊತ್ತು ಸ್ಯಾಂಡ್‌ಪೇಪರ್ ಹಿಡ್ಕೊಂಡು ಸುಮ್ನೆ ಕೂತಿದ್ದೆ.

ಆಮೇಲೆ ಉಜ್ಜಿದೆ. ಮತ್ತೇನ್ ಮಾಡೋದು, ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತೆ ಅಂತ ಮೇಲೆ ವಾರ್ನಿಶ್ ಹೊಡೀಲೇಬೇಕು, ವಾರ್ನಿಶ್ ಬಿದ್ರೆ ಈ ಗುಳಿ ಇನ್ನೂ ಎದ್ದು ಕಾಣುತ್ತೆ.

ಸಂಜೆ ಇನ್ನೊಂದು ಕೋಟ್ ಹಚ್ಚಿ, ಅಪ್ಪನ್ನ ಟೀವಿ ಮುಂದೆ ಕೂರಿಸಿ, ಊಟ ಮಾಡಿ ಬಂದು ನೋಡ್ತೀನಿ, ಮೂತಿ ಹತ್ರ ಮೊಟ್ಟೆಯಾಕಾರದ ಒಂದು ಗುಳಿ. ಇದ್ಯಾವ ಬೆರಳಪ್ಪಾ ಅಂತ ಬಗ್ಗಿ ನೋಡ್ತಿದ್ರೆ ಅಪ್ಪ ಬಾಗಿಲಲ್ಲೇ ನಿಂತಿದ್ರು.

"ನಾನು ಕೈ ತಾಗಿಸಿಲ್ಲ ಮಾರಾಯ, ಚಮಚದಲ್ಲಿ ನೋಡಿದ್ದು. ಇನ್ನೂ ಹಸಿ ಇದೆ."